ಗರ್ಭಿಣಿಯರ ಶುಗರ್ ಮತ್ತು ಆನ್‌ಲೈನ್ ಆಹಾರ ಸಲಹೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳೂರು, ಉಡುಪಿ ಕಡೆಯ ಮನೆಗಳಲ್ಲಿ ದಿನಾ ಬೇಯುವ ಅಡುಗೆಯನ್ನೇ ಮುಂದಿಟ್ಟುಕೊಂಡು ಬರೆದ ಉತ್ತರಗಳಿವು. ಓಟ್ಸ್, ಬ್ರೌನ್ ಬ್ರೆಡ್, ಆಲಿವ್ ಎಣ್ಣೆಯ ಚಾರ್ಟ್ ಇಲ್ಲಿ ಸಿಗುವುದಿಲ್ಲ. ಶುಗರ್‌ನ ಸಂಖ್ಯೆಗಳೆಲ್ಲ ಮಿ.ಗ್ರಾಂ/ಡೆ.ಲೀ. ಲೆಕ್ಕದವು, ಲ್ಯಾಬ್ ವರದಿಯಲ್ಲೂ ಗ್ಲುಕೋಮೀಟರ್‌ನಲ್ಲೂ ಕಾಣುವುದು ಅದೇ. ನಿಮ್ಮ ವೈದ್ಯರು ಬೇರೆ ಗುರಿ ಕೊಟ್ಟಿದ್ದರೆ ಅದನ್ನೇ ಪಾಲಿಸಿ.

ಮದುವೆಗೆ ಮುಂಚೆ, ಬಸುರಿಯಾಗುವ ಮುಂಚೆ ಶುಗರ್ ಇರಲಿಲ್ಲ. ಈಗೆಲ್ಲಿಂದ ಬಂತು? ಸಿಹಿ ತಿಂದದ್ದಕ್ಕೆ ಬಂತಾ?

ಸಿಹಿಯೊಂದೇ ಕಾರಣವಲ್ಲ. ಮಾಸು, ಅಂದರೆ ಪ್ಲಾಸೆಂಟಾ, ಬೆಳೆದ ಹಾಗೆ ಅದರಿಂದ ಬರುವ ಹಾರ್ಮೋನುಗಳು ತಾಯಿಯ ಇನ್ಸುಲಿನ್ (ರಕ್ತದ ಸಕ್ಕರೆ ಇಳಿಸುವ ಹಾರ್ಮೋನು) ಕೆಲಸಕ್ಕೆ ಅಡ್ಡ ಬರುತ್ತವೆ. ಮಗುವಿಗೆ ಸಕ್ಕರೆ ಸಾಕಷ್ಟು ಸಿಗಲಿ ಎಂದು ದೇಹ ಮಾಡಿಕೊಳ್ಳುವ ಏರ್ಪಾಡು ಇದು. ಹೆಚ್ಚಿನವರಲ್ಲಿ ಮೇದೋಜೀರಕ ಗ್ರಂಥಿ ಇನ್ನಷ್ಟು ಇನ್ಸುಲಿನ್ ಕೊಟ್ಟು ಸರಿದೂಗಿಸುತ್ತದೆ. ಅದು ಸಾಲದೆ ಹೋದವರಲ್ಲಿ ಶುಗರ್ ಏರುತ್ತದೆ. ಅಡ್ಡಿ ಜೋರಾಗುವುದು ಐದನೇ ತಿಂಗಳು ದಾಟಿದ ಮೇಲೆ. ಆದ್ದರಿಂದಲೇ ಮೊದಲ ಪರೀಕ್ಷೆಯಲ್ಲಿ ಸರಿಯಿದ್ದವರಿಗೂ ಏಳನೇ ತಿಂಗಳಲ್ಲಿ ಕಾಣಿಸಿಕೊಳ್ಳಬಹುದು.

ಅಪ್ಪ-ಅಮ್ಮನಿಗೆ ಶುಗರ್ ಇದ್ದರೆ, ಪಿಸಿಓಎಸ್ (ಅಂಡಾಶಯದ ಹಾರ್ಮೋನು ಏರುಪೇರು) ಇದ್ದರೆ, ಬಸುರಿಗೆ ಮುಂಚೆ ತೂಕ ಹೆಚ್ಚಿದ್ದರೆ, ಹಿಂದಿನ ಹೆರಿಗೆಯಲ್ಲೂ ಶುಗರ್ ಬಂದಿದ್ದರೆ ಅಥವಾ ಹಿಂದಿನ ಮಗು 4 ಕಿಲೋಗೆ ಹತ್ತಿರವಿದ್ದರೆ ಸಾಧ್ಯತೆ ಜಾಸ್ತಿ. ಇದ್ಯಾವುದೂ ಇಲ್ಲದವರಿಗೂ ಬರುತ್ತದೆ. ಮನೆಯಲ್ಲಿ ಯಾರೂ "ನೀನು ಹೋಳಿಗೆ ತಿಂದದ್ದಕ್ಕೇ" ಎಂದು ದೂರದಿರಲಿ.

ಯಾವ ಪರೀಕ್ಷೆ, ಯಾವಾಗ?

ಸರಕಾರಿ ಆಸ್ಪತ್ರೆಗಳಲ್ಲಿ ಮಾಡುವುದು ಹೀಗೆ: 75 ಗ್ರಾಂ ಗ್ಲುಕೋಸ್ ಪುಡಿಯನ್ನು ಸುಮಾರು 300 ಮಿ.ಲೀ. ನೀರಿನಲ್ಲಿ ಕರಗಿಸಿ 5ರಿಂದ 10 ನಿಮಿಷದೊಳಗೆ ಕುಡಿಸುತ್ತಾರೆ, ಎರಡು ಗಂಟೆ ಬಿಟ್ಟು ರಕ್ತ ತೆಗೆಯುತ್ತಾರೆ. ಇದಕ್ಕೆ ಖಾಲಿ ಹೊಟ್ಟೆ ಬೇಕಿಲ್ಲ. 140 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಗರ್ಭಾವಸ್ಥೆಯ ಶುಗರ್ ಎಂದು ಲೆಕ್ಕ. ಮೊದಲ ಭೇಟಿಯಲ್ಲೇ ಒಂದು ಸಲ, ಅದು ಸರಿಯಿದ್ದರೆ 24ರಿಂದ 28 ವಾರದ ನಡುವೆ ಇನ್ನೊಂದು ಸಲ. ಎರಡರ ನಡುವೆ ಕನಿಷ್ಠ 4 ವಾರ ಇರಬೇಕು.

ಅನೇಕ ಖಾಸಗಿ ಆಸ್ಪತ್ರೆಗಳು ಖಾಲಿ ಹೊಟ್ಟೆಯಲ್ಲಿ ಶುರು ಮಾಡಿ ಮೂರು ಸಲ ರಕ್ತ ತೆಗೆಯುತ್ತವೆ. ಅಲ್ಲಿ ಖಾಲಿ ಹೊಟ್ಟೆಗೆ 92, ಒಂದು ಗಂಟೆಗೆ 180, ಎರಡು ಗಂಟೆಗೆ 153. ಈ ಮೂರರಲ್ಲಿ ಒಂದು ಮುಟ್ಟಿದರೂ ಸಾಕು, ಗರ್ಭಾವಸ್ಥೆಯ ಶುಗರ್ ಎಂದು ಲೆಕ್ಕ. ಎರಡು ಪದ್ಧತಿಯ ಸಂಖ್ಯೆಗಳನ್ನು ಬೆರೆಸಿ ಓದಿದರೆ ಗೊಂದಲವೇ ಆಗುವುದು. ಗ್ಲುಕೋಸ್ ಕುಡಿದ ಅರ್ಧ ಗಂಟೆಯೊಳಗೆ ವಾಂತಿಯಾದರೆ ಪರೀಕ್ಷೆ ಲೆಕ್ಕಕ್ಕಿಲ್ಲ, ಮರುದಿನ ಮಾಡಿಸಿ. ಪರೀಕ್ಷೆಗೆ ಮುಂಚಿನ ದಿನಗಳಲ್ಲಿ "ಚೆನ್ನಾಗಿ ಬರಲಿ" ಎಂದು ಅನ್ನ ಬಿಡಬೇಡಿ. ಅದರಿಂದ ಫಲಿತಾಂಶ ತಪ್ಪಾಗುತ್ತದೆ.

ನನಗಿನ್ನೂ ಬಂದಿಲ್ಲ. ಬಾರದಂತೆ ತಡೆಯಬಹುದಾ?

ಖಂಡಿತ ತಡೆಯುತ್ತೇವೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಸಾಧ್ಯತೆ ಕಡಿಮೆ ಮಾಡಬಹುದು. ಅದಕ್ಕೆ ಒಳ್ಳೆಯ ಕಾಲ ಬಸುರಿಗೆ ಮುಂಚೆ, ಇಲ್ಲವೇ ಮೊದಲ ಮೂರು ತಿಂಗಳು. "ಇಬ್ಬರಿಗೆ ಊಟ ಮಾಡು" ಎನ್ನುವ ಮಾತು ಈ ಹಂತದಲ್ಲಿ ಬೇಡವೇ ಬೇಡ. ಹೆಚ್ಚುವರಿ ಆಹಾರ ಬೇಕಾಗುವುದು ನಾಲ್ಕನೇ ತಿಂಗಳಿನಿಂದ, ಅದೂ ದಿನಕ್ಕೆ ಸುಮಾರು 350 ಕ್ಯಾಲೊರಿ: ಒಂದು ಲೋಟ ಹಾಲು, ಒಂದು ಮೊಟ್ಟೆ, ಒಂದು ಹಿಡಿ ಹುರಿದ ಕಡ್ಲೆಯಲ್ಲಿ ಹೆಚ್ಚುಕಡಿಮೆ ತುಂಬುವಷ್ಟು. ಬಸುರಿಗೆ ಮುಂಚೆ ತೂಕ ಸರಿಯಿದ್ದವರು ಒಟ್ಟು 11.5ರಿಂದ 16 ಕಿಲೋ, ತೂಕ ಹೆಚ್ಚಿದ್ದವರು 7ರಿಂದ 11.5 ಕಿಲೋ ಏರಿದರೆ ಸಾಕು.

ಆನ್‌ಲೈನ್ ಸಲಹೆ ಸಾಕಾಗುತ್ತದಾ? ಎದುರಿಗೆ ಕೂತು ಮಾತಾಡಿದಷ್ಟು ಪ್ರಯೋಜನ ಇದೆಯಾ?

ಆಹಾರದ ಮಟ್ಟಿಗೆ ಎಷ್ಟೋ ಸಲ ಹೆಚ್ಚೇ. ಆಸ್ಪತ್ರೆಯ ಕೋಣೆಯಲ್ಲಿ "ಸ್ವಲ್ಪ ಅನ್ನ ತಿನ್ನುತ್ತೇನೆ" ಎಂದರೆ ಆ ಸ್ವಲ್ಪ ಎಷ್ಟೆಂದು ಯಾರಿಗೂ ಗೊತ್ತಾಗುವುದಿಲ್ಲ. ವಿಡಿಯೋ ಕರೆಯಲ್ಲಿ ನಿಮ್ಮ ಬಟ್ಟಲು, ಸೌಟು, ದೋಸೆ ಕಾವಲಿ ಎದುರಿಗೇ ಇರುತ್ತವೆ. ಅಡುಗೆ ಮಾಡುವವರನ್ನೂ ಕರೆಯಲ್ಲಿ ಕೂರಿಸಿಕೊಳ್ಳಿ. ಅದು ಅತ್ತೆ ಆಗಿರಲಿ, ಅಮ್ಮ ಆಗಿರಲಿ, ಹುಳಿಗೆ ಎಷ್ಟು ಬೆಲ್ಲ ಬೀಳುತ್ತದೆ ಎಂದು ಗೊತ್ತಿರುವುದು ಅವರಿಗೇ. ಗಂಡ ಗಲ್ಫ್‌ನಲ್ಲಿದ್ದರೆ ಅಲ್ಲಿಂದಲೇ ಸೇರಿಕೊಳ್ಳಲಿ.

ಮಳೆಗಾಲದಲ್ಲಿ ಸುಳ್ಯ, ಕಾರ್ಕಳ, ಬೈಂದೂರಿನ ಒಳಭಾಗಗಳಲ್ಲಿ ನೆಟ್‌ವರ್ಕ್ ಕೈಕೊಡುವುದುಂಟು. ಫೋಟೋಗಳನ್ನು ಹಿಂದಿನ ರಾತ್ರಿಯೇ ವಾಟ್ಸ್ಆ್ಯಪ್‌ನಲ್ಲಿ ಕಳಿಸಿ, ಬರೀ ಫೋನ್ ಕರೆಯಲ್ಲಿ ಮಾತಾಡಿದರೂ ಕೆಲಸ ನಡೆಯುತ್ತದೆ.

ಬಿಪಿ, ರಕ್ತ ಪರೀಕ್ಷೆ, ಸ್ಕ್ಯಾನ್, ಹೊಟ್ಟೆ ಮುಟ್ಟಿ ನೋಡುವುದು ಯಾವುದೂ ಆನ್‌ಲೈನ್‌ನಲ್ಲಿ ಆಗದು. ಪ್ರಸೂತಿ ವೈದ್ಯರ ಭೇಟಿ ಒಂದನ್ನೂ ತಪ್ಪಿಸಬೇಡಿ. ಪ್ರತಿ ತಿಂಗಳ 9ನೇ ತಾರೀಕು ಪ್ರಧಾನ ಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಲ್ಲಿ ಸರಕಾರಿ ಆಸ್ಪತ್ರೆಗಳಲ್ಲಿ ಉಚಿತ ತಪಾಸಣೆ ಇರುತ್ತದೆ. ಮಂಗಳೂರಿನಲ್ಲಿ ಸರಕಾರಿ ಲೇಡಿ ಗೋಷನ್ ಹೆರಿಗೆ ಆಸ್ಪತ್ರೆಯೂ ಇದೆ.

ಸಲಹೆ ಕೊಡುವವರು ಅರ್ಹರಾ ಎಂದು ತಿಳಿಯುವುದು ಹೇಗೆ?

ಕ್ಲಿನಿಕಲ್ ನ್ಯೂಟ್ರಿಷನ್ ಅಥವಾ ಡಯೆಟಿಕ್ಸ್‌ನಲ್ಲಿ ಪದವಿ ಇದೆಯಾ, ಇಂಡಿಯನ್ ಡಯೆಟಿಕ್ ಅಸೋಸಿಯೇಷನ್‌ನ ಆರ್‌ಡಿ (ರಿಜಿಸ್ಟರ್ಡ್ ಡಯೆಟಿಶಿಯನ್) ನೋಂದಣಿ ಇದೆಯಾ ಎಂದು ನೇರವಾಗಿ ಕೇಳಿ. ಆಹಾರ ತಜ್ಞರು ಮಾತ್ರೆ ಬರೆಯುವಂತಿಲ್ಲ, ಇನ್ಸುಲಿನ್ ಯೂನಿಟ್ ಬದಲಿಸುವಂತಿಲ್ಲ. ಮೊದಲ ಕರೆಯಲ್ಲೇ ಪುಡಿ, ಶೇಕ್, ಕಷಾಯದ ಪೊಟ್ಟಣ ಮಾರಲು ಹೊರಟವರಿಂದ ದೂರ ಇರಿ.

ಮೊದಲ ಕರೆಗೆ ಏನೇನು ಸಿದ್ಧ ಇಟ್ಟುಕೊಳ್ಳಬೇಕು?

ತಾಯಿ ಕಾರ್ಡ್, ಗ್ಲುಕೋಸ್ ಪರೀಕ್ಷೆಯ ವರದಿ, ಹಿಮೋಗ್ಲೋಬಿನ್ ಮತ್ತು ಥೈರಾಯ್ಡ್ ವರದಿ, ಕೊನೆಯ ಸ್ಕ್ಯಾನ್, ಈಗ ನುಂಗುತ್ತಿರುವ ಮಾತ್ರೆಗಳ ಪಟ್ಟಿ, ಬಸುರಿಗೆ ಮುಂಚಿನ ತೂಕ. ಇದರ ಜತೆ ಮೂರು ದಿನ ತಿಂದದ್ದರ ಬರಹ, ಅದರಲ್ಲಿ ಒಂದು ಭಾನುವಾರ. ಭಾನುವಾರದ ಕೋರಿ ರೊಟ್ಟಿಯೋ ಸಂಜೆಯ ಗೋಳಿಬಜೆಯೋ ಬಿಟ್ಟು ಬರೆದರೆ ಆ ಪಟ್ಟಿಯಿಂದ ಉಪಯೋಗ ಇಲ್ಲ. ತಟ್ಟೆಯ ಫೋಟೋವನ್ನು ಮೇಲಿನಿಂದ ತೆಗೆಯಿರಿ, ಪಕ್ಕದಲ್ಲೊಂದು ಚಮಚ ಇಡಿ. ಗಾತ್ರ ಅಂದಾಜಿಸಲು ಅದು ಬೇಕು. ಎರಡನೇ ಸಲ ಬಡಿಸಿಕೊಂಡದ್ದನ್ನೂ ಬರೆಯಿರಿ.

ಅಡುಗೆಮನೆಗೆ ಒಂದು ಡಿಜಿಟಲ್ ತೂಕದ ಯಂತ್ರ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ 200 ಮಿ.ಲೀ.ಯ ಒಂದೇ ಲೋಟವನ್ನು ಎಲ್ಲದಕ್ಕೂ ಅಳತೆಯಾಗಿ ಇಟ್ಟುಕೊಳ್ಳಿ.

ಕುಚ್ಚಲಕ್ಕಿ ಅನ್ನ ಬಿಡಬೇಕಾ? ಚಪಾತಿಗೆ ಹೋಗಬೇಕಾ?

ಬಿಡಬೇಕಿಲ್ಲ. ಬದಲಿಸಬೇಕಾದದ್ದು ಅಳತೆ ಮತ್ತು ಅದರ ಜತೆಗಾರರನ್ನು. ಗರ್ಭಿಣಿಗೆ ದಿನಕ್ಕೆ ಕನಿಷ್ಠ 175 ಗ್ರಾಂ ಕಾರ್ಬೋಹೈಡ್ರೇಟ್ (ಪಿಷ್ಟ) ಬೇಕು. ಹೆದರಿ ಅನ್ನ ಪೂರ್ತಿ ಬಿಟ್ಟವರಲ್ಲಿ ದೇಹ ಕೊಬ್ಬನ್ನು ಒಡೆದು, ಅದರಿಂದ ಹುಟ್ಟುವ ಕೀಟೋನ್ ಎಂಬ ವಸ್ತು ರಕ್ತದಲ್ಲಿ ಹೆಚ್ಚಾಗುತ್ತದೆ, ಸುಸ್ತಾಗುತ್ತದೆ, ಸಂಜೆಗೆ ತಡೆಯಲಾರದ ಹಸಿವಾಗಿ ಒಂದೇ ಸಲ ಜಾಸ್ತಿ ತಿನ್ನುವಂತಾಗುತ್ತದೆ.

175 ಗ್ರಾಂ ಅನ್ನು ಹಂಚುವ ಒಂದು ಸಾಮಾನ್ಯ ಲೆಕ್ಕ: ಬೆಳಗ್ಗಿನ ತಿಂಡಿಗೆ 30, ಮಧ್ಯಾಹ್ನಕ್ಕೆ 50, ರಾತ್ರಿಗೆ 45, ನಡುವಿನ ಮೂರು ಸಣ್ಣ ತಿನಿಸಿಗೆ 15-18ರಂತೆ. ಬೆಂದ ಅನ್ನದಲ್ಲಿ 100 ಗ್ರಾಂಗೆ ಸುಮಾರು 28 ಗ್ರಾಂ ಪಿಷ್ಟ. ಹಾಗಾದರೆ ಮಧ್ಯಾಹ್ನ ಒಂದು ಮಟ್ಟಸ ಲೋಟ ಅನ್ನ (ಸುಮಾರು 150 ಗ್ರಾಂ), ಬೇಳೆ ಹಾಕಿದ ಹುಳಿ, ತರಕಾರಿ ಪಲ್ಯ ಸೇರಿದರೆ 50 ಮುಟ್ಟಿತು. ಪಲ್ಯ ಅನ್ನಕ್ಕಿಂತ ಕಡಿಮೆ ಆಗಬಾರದು: ಬಸಳೆ, ಹರಿವೆ, ಅಲಸಂಡೆ, ತೊಂಡೆಕಾಯಿ, ಹೀರೆಕಾಯಿ, ಗುಳ್ಳ ಯಾವುದೂ ಆದೀತು. ಮರಗೆಣಸು, ಸಿಹಿಗೆಣಸು, ಆಲೂಗಡ್ಡೆ ಮಾತ್ರ ಅನ್ನದ ಲೆಕ್ಕಕ್ಕೇ ಸೇರುತ್ತವೆ.

ದೋಸೆ, ಕಡುಬು, ಮೂಡೆ ಇವುಗಳ ಲೆಕ್ಕ ಯಾವ ಆ್ಯಪ್‌ನಲ್ಲೂ ಸರಿಯಾಗಿ ಸಿಗುವುದಿಲ್ಲ. ಮನೆಮನೆಗೆ ಗಾತ್ರ ಬೇರೆ. ನೀವೇ ಲೆಕ್ಕ ಹಾಕಿ. ಹಸಿ ಅಕ್ಕಿಯಲ್ಲಿ 100 ಗ್ರಾಂಗೆ ಸುಮಾರು 78 ಗ್ರಾಂ ಪಿಷ್ಟ. 200 ಗ್ರಾಂ ಅಕ್ಕಿ ನೆನೆಹಾಕಿ ಅರೆದು 12 ನೀರ್ ದೋಸೆ ಆಯಿತೆಂದರೆ 156ನ್ನು 12ರಿಂದ ಭಾಗಿಸಿ: ಒಂದು ದೋಸೆಗೆ 13 ಗ್ರಾಂ. ಉದ್ದು ಹಾಕುವ ಕಡುಬಿಗೆ ಉದ್ದಿನದ್ದನ್ನೂ ಕೂಡಿಸಿ, 100 ಗ್ರಾಂಗೆ 60ರಂತೆ ಹಿಡಿದರೆ ಸಾಕು. ಒಮ್ಮೆ ಮಾಡಿ ಫ್ರಿಜ್ ಬಾಗಿಲಿಗೆ ಅಂಟಿಸಿಟ್ಟರೆ ಹೆರಿಗೆವರೆಗೆ ಬಂತು.

ಗೋಧಿ ಚಪಾತಿಯಲ್ಲೂ ಪಿಷ್ಟವೇ ಇರುವುದು. ಮೂರು ದೊಡ್ಡ ಚಪಾತಿ ತಿಂದು "ಅನ್ನ ಬಿಟ್ಟಿದ್ದೇನೆ" ಎಂದರೆ ಮೀಟರ್ ಒಪ್ಪುವುದಿಲ್ಲ.

ಗಂಜಿ?

ಗಂಜಿಯಲ್ಲಿ ಅಗುಳು ಚೆನ್ನಾಗಿ ಮೆತ್ತಗಾಗಿರುತ್ತದೆ, ಅಗಿಯದೆಯೇ ಇಳಿದುಹೋಗುತ್ತದೆ, ಜತೆಗೆ ಹೆಚ್ಚಾಗಿ ಉಪ್ಪಿನಕಾಯಿ ಬಿಟ್ಟು ಬೇರೇನೂ ಇರುವುದಿಲ್ಲ. ಆದ್ದರಿಂದ ಶುಗರ್ ಬೇಗ ಏರುತ್ತದೆ. ಬೇಕೇ ಬೇಕಾದರೆ ಮಧ್ಯಾಹ್ನಕ್ಕೋ ರಾತ್ರಿಗೋ ಇಟ್ಟುಕೊಳ್ಳಿ, ಅಗುಳನ್ನು ಅಳೆದು ಹಾಕಿ, ಹೆಸರುಕಾಳಿನ ಪಲ್ಯ, ಹುರುಳಿ ಚಟ್ನಿ ಅಥವಾ ಮೀನಿನ ಜತೆ ಉಣ್ಣಿ. ತಿಳಿಯನ್ನು ಲೋಟಕ್ಕೆ ಬಗ್ಗಿಸಿ ಕುಡಿಯುವ ಅಭ್ಯಾಸ ಸದ್ಯಕ್ಕೆ ಬೇಡ.

ತಿಂಡಿ ಆದ ಮೇಲೆಯೇ ಶುಗರ್ ಜಾಸ್ತಿ ಬರುತ್ತದೆ. ಯಾಕೆ?

ಬೆಳಗ್ಗೆ ಕಾರ್ಟಿಸೋಲ್‌ನಂಥ ಹಾರ್ಮೋನುಗಳು ಹೆಚ್ಚಿರುತ್ತವೆ, ಇನ್ಸುಲಿನ್ ಆಗ ಸರಿಯಾಗಿ ನಾಟುವುದಿಲ್ಲ. ಮಧ್ಯಾಹ್ನ 50 ಗ್ರಾಂ ತಾಳಿಕೊಳ್ಳುವ ದೇಹ ಬೆಳಗ್ಗೆ 30ಕ್ಕೇ ಏರಿಸಿಬಿಡುತ್ತದೆ. ನಮ್ಮ ಕಡೆಯ ತಿಂಡಿಗಳೋ ಬಹುಪಾಲು ಬರೀ ಅಕ್ಕಿಯವು.

ನೀರ್ ದೋಸೆಯಲ್ಲಿ ಉದ್ದು ಇಲ್ಲ, ಪ್ರೋಟೀನ್ ತೀರಾ ಕಡಿಮೆ. ತೆಳ್ಳಗಿದೆ ಎಂದು ಆರು ತಿಂದರೆ 78 ಗ್ರಾಂ ಪಿಷ್ಟ ಆಯಿತು. ಎರಡಕ್ಕೆ ನಿಲ್ಲಿಸಿ, ಕಡ್ಲೆ ಗಸಿ, ಮೊಟ್ಟೆ ಅಥವಾ ಹಿಂದಿನ ರಾತ್ರಿಯ ಕೋಳಿ ಸಾರಿನ ತುಂಡುಗಳ ಜತೆ ತಿನ್ನಿ. ಕಾಯಿಬೆಲ್ಲದ ಜತೆ ಬೇಡ. ಕಾಯಿ ಚಟ್ನಿ ಪ್ರೋಟೀನ್ ಅಲ್ಲ, ಕೊಬ್ಬು. ಇರಲಿ, ಆದರೆ ಅದನ್ನೇ ನೆಚ್ಚಬೇಡಿ. ಇಡ್ಲಿಯಾದರೆ ಮಧ್ಯಮ ಗಾತ್ರದ್ದು ಎರಡು, ಬೇಳೆ ಧಾರಾಳ ಇರುವ ಸಾಂಬಾರ್. ಹಲಸಿನೆಲೆಯ ಕೊಟ್ಟೆ ಕಡುಬು, ಮೂಡೆ ಇವು ಗಾತ್ರದಲ್ಲಿ ದೊಡ್ಡವು. ಎಷ್ಟೋ ಮನೆಗಳಲ್ಲಿ ಒಂದಕ್ಕೇ ಆ ಹೊತ್ತಿನ ಲೆಕ್ಕ ಮುಗಿಯುತ್ತದೆ. ಪತ್ರೊಡೆ ಆದೀತು, ಬೆಲ್ಲ ಕಡಿಮೆ ಮಾಡಿ, ಅಕ್ಕಿಯ ಲೆಕ್ಕ ಹಾಕಿ. ಅವಲಕ್ಕಿ-ಸಜ್ಜಿಗೆ ಬೇಗ ಏರಿಸುವ ಜೋಡಿ. ಬನ್ಸ್‌ನಲ್ಲಿ ಮೈದಾ, ಬಾಳೆಹಣ್ಣು, ಸಕ್ಕರೆ, ಎಣ್ಣೆ ನಾಲ್ಕೂ ಒಟ್ಟಿಗಿವೆ. ಅದನ್ನು ಹೆರಿಗೆ ಆದ ಮೇಲೆ ನೋಡಿಕೊಳ್ಳೋಣ. ಎಲ್ಲಕ್ಕಿಂತ ಸಲೀಸಾಗುವುದು ಇಡೀ ಹೆಸರುಕಾಳು ಅರೆದು ಮಾಡಿದ ದೋಸೆ.

ಹಣ್ಣು, ಹಾಲು ಹಾಕಿದ ಕಾಫಿ ಎರಡನ್ನೂ ತಿಂಡಿಯ ಜತೆ ಸೇರಿಸದೆ ಎರಡು-ಮೂರು ಗಂಟೆ ದೂಡಿ. ಒಂದು ಲೋಟ ಹಾಲಿನಲ್ಲೇ ಸುಮಾರು 10 ಗ್ರಾಂ ಸಕ್ಕರೆಯ ಅಂಶವಿದೆ, ಸಕ್ಕರೆ ಹಾಕದಿದ್ದರೂ.

ಮೀನು ತಿನ್ನಬಹುದಾ? ಸಸ್ಯಾಹಾರಿಗಳು ಏನು ಮಾಡಬೇಕು?

ಮೀನಿನಲ್ಲಿ ಪಿಷ್ಟ ಇಲ್ಲವೇ ಇಲ್ಲ ಎನ್ನಬಹುದು. 100 ಗ್ರಾಂ ಮೀನಿನಿಂದ 18-20 ಗ್ರಾಂ ಪ್ರೋಟೀನ್ ಸಿಗುತ್ತದೆ. ಭೂತಾಯಿ, ಬಂಗುಡೆ ಅಗ್ಗವೂ ಹೌದು, ಒಮೆಗಾ-3 ಕೊಬ್ಬು ಇರುವಂಥವೂ ಹೌದು. ಶಾರ್ಕ್‌ನಂಥ ದೊಡ್ಡ ಬೇಟೆಗಾರ ಮೀನುಗಳಲ್ಲಿ ಪಾದರಸ ಶೇಖರವಾಗುವುದರಿಂದ ಅವನ್ನು ಬಿಡಿ. ರವೆ ಫ್ರೈಗಿಂತ ಕಾವಲಿಯಲ್ಲಿ ಬೇಯಿಸಿದ್ದು ಅಥವಾ ಪುಳಿಮುಂಚಿ ಮೇಲು. ಒಣಮೀನಿನ ಉಪ್ಪು ಬಿಪಿ ಇರುವವರಿಗೆ ಆಗದು.

ಸಸ್ಯಾಹಾರಿ ಮನೆಗಳಲ್ಲಿ ಸಾಮಾನ್ಯ ಕೊರತೆ ಇದೇ: ಸಾರು ನೀರಾಗಿರುತ್ತದೆ, ಬೇಳೆ ತಳದಲ್ಲಿರುತ್ತದೆ. ಪ್ರತಿ ಊಟಕ್ಕೆ ಒಣಗಿದ ಲೆಕ್ಕದಲ್ಲಿ 30 ಗ್ರಾಂ ಬೇಳೆ ಅಥವಾ ಕಾಳು ನಿಮ್ಮ ಬಟ್ಟಲಿಗೇ ಬೀಳಬೇಕು. ಅದರಿಂದ ಸುಮಾರು 7 ಗ್ರಾಂ ಪ್ರೋಟೀನ್. ಉಳಿದದ್ದನ್ನು ಮೊಸರು, ಪನೀರ್, ಸೋಯಾ, ನೆಲಗಡಲೆಯಿಂದ ತುಂಬಿಸಿ. ಉಡುಪಿ ಶೈಲಿಯ ಹುಳಿ, ಮೆಣಸ್ಕಾಯಿ, ಗೊಜ್ಜುಗಳಿಗೆ ಬೀಳುವ ಬೆಲ್ಲವನ್ನು ಯಾರೂ ಸಿಹಿಯೆಂದು ಎಣಿಸುವುದಿಲ್ಲ, ಮೀಟರ್ ಎಣಿಸುತ್ತದೆ. ನಿಮ್ಮ ಪಾಲನ್ನು ಬೆಲ್ಲ ಹಾಕುವ ಮುಂಚೆಯೇ ತೆಗೆದಿಟ್ಟರೆ ಮನೆಯವರ ರುಚಿಗೂ ಧಕ್ಕೆಯಿಲ್ಲ.

ಬೆಲ್ಲ, ಜೇನು, ಎಳನೀರು, ಹಣ್ಣು?

ಬೆಲ್ಲ ಮತ್ತು ಜೇನು ಶುಗರ್ ಏರಿಸುವುದರಲ್ಲಿ ಸಕ್ಕರೆಗಿಂತ ಹೇಳಿಕೊಳ್ಳುವಷ್ಟು ಬೇರೆಯಲ್ಲ. ಎಳನೀರು 200 ಮಿ.ಲೀ.ಗೆ ಸುಮಾರು 8 ಗ್ರಾಂ ಸಕ್ಕರೆ. ಊಟದ ಜತೆಗಲ್ಲದೆ ನಡುವೆ ಒಂದು ಲೋಟ ಪರವಾಗಿಲ್ಲ. ದೊಡ್ಡ ಬೊಂಡದಲ್ಲಿ ಅದರ ಎರಡರಷ್ಟಿರಬಹುದು, ಇಡೀ ಬೊಂಡ ಒಂದೇ ಸಲ ಬೇಡ. ಹಣ್ಣು ಒಂದು ಹೊತ್ತಿಗೆ 15 ಗ್ರಾಂ ಪಿಷ್ಟದಷ್ಟು: ಒಂದು ಚಿಕ್ಕ ಕದಳಿ, ಅರ್ಧ ಮಾವು, ಒಂದು ಪೇರಳೆ, ಹಲಸಾದರೆ ಎರಡು-ಮೂರು ತೊಳೆ. ಮೇ ತಿಂಗಳಲ್ಲಿ ಮನೆಯಂಗಳದ ಹಲಸು ಹಣ್ಣಾದಾಗ ತೊಳೆ ಎಣಿಸುವುದು ಕಷ್ಟವೇ. ಬಟ್ಟಲಿಗೆ ಹಾಕಿಕೊಂಡು ಉಳಿದದ್ದನ್ನು ಕಣ್ಣಿಂದ ದೂರ ಮಾಡಿ. ಜ್ಯೂಸ್ ಬೇಡ, ಮನೆಯಲ್ಲಿ ಮಾಡಿದ್ದೂ ಬೇಡ.

ಹಾಗಲಕಾಯಿ, ಮೆಂತ್ಯ ಅಡುಗೆಯಲ್ಲಿ ಇರಲಿ. ರಸ ಹಿಂಡಿ, ಕಷಾಯ ಕುದಿಸಿ ಔಷಧಿಯೆಂದು ಕುಡಿಯಬೇಡಿ.

ಗ್ಲುಕೋಮೀಟರ್ ಒಂದೊಂದು ಸಲ ಒಂದೊಂದು ತೋರಿಸುತ್ತದೆ. ನಂಬುವುದು ಹೇಗೆ?

ಮೀಟರ್ ಮತ್ತು ಲ್ಯಾಬ್ ನಡುವೆ ಶೇ. 15ರಷ್ಟು ಅಂತರ ಒಪ್ಪತಕ್ಕದ್ದೇ. ಒಂದೇ ನಿಮಿಷದಲ್ಲಿ ಎರಡು ಬೆರಳಿಂದ ನೋಡಿ 112, 121 ಬಂದರೆ ಮೀಟರ್ ಕೆಟ್ಟಿಲ್ಲ. ದೊಡ್ಡ ತಪ್ಪುಗಳು ಬೇರೆ ಕಡೆಯಿಂದ ಬರುತ್ತವೆ.

ಕೈಯನ್ನು ಸೋಪಿನಲ್ಲಿ ತೊಳೆದು ಪೂರ್ತಿ ಒರೆಸಿ. ಮಾವು ಸುಲಿದ ಬೆರಳಿನಲ್ಲೇ ಚುಚ್ಚಿದರೆ ಚರ್ಮಕ್ಕೆ ಅಂಟಿದ ಸಕ್ಕರೆಯೇ ಎಣಿಕೆಗೆ ಬರುತ್ತದೆ. ಬೆರಳಿನ ತುದಿಗೆ ಚುಚ್ಚದೆ ಪಕ್ಕಕ್ಕೆ ಚುಚ್ಚಿ, ನೋವು ಕಡಿಮೆ. ರಕ್ತ ಬರಲಿಲ್ಲವೆಂದು ಜೋರಾಗಿ ಹಿಂಡಬೇಡಿ. ಕೈ ಕೆಳಗೆ ಬಿಟ್ಟು ಅರ್ಧ ನಿಮಿಷ ಕಾಯಿರಿ. ಕರಾವಳಿಯ ತೇವಕ್ಕೆ ಸ್ಟ್ರಿಪ್ ಬೇಗ ಹಾಳಾಗುತ್ತದೆ. ಡಬ್ಬಿಯಿಂದ ಒಂದು ತೆಗೆದ ಕೂಡಲೇ ಮುಚ್ಚಳ ಒತ್ತಿ, ಫ್ರಿಜ್‌ನಲ್ಲಿ ಇಡಬೇಡಿ, ತೆರೆದ ದಿನಾಂಕವನ್ನು ಡಬ್ಬಿಯ ಮೇಲೆ ಬರೆದಿಡಿ.

ಹೊತ್ತಿನ ತಪ್ಪು ಇನ್ನೂ ಸಾಮಾನ್ಯ. ಊಟದ ಬಳಿಕ ಎರಡು ಗಂಟೆ ಎಂದರೆ ಮೊದಲ ತುತ್ತಿನಿಂದ, ಕೈ ತೊಳೆದ ಮೇಲಲ್ಲ. ಮೊದಲ ತುತ್ತಿಗೇ ಮೊಬೈಲ್‌ನಲ್ಲಿ ಅಲಾರಾಂ ಇಡಿ. ಗುರಿ: ಖಾಲಿ ಹೊಟ್ಟೆಗೆ 95ರ ಒಳಗೆ, ಒಂದು ಗಂಟೆಗೆ 140ರ ಒಳಗೆ, ಎರಡು ಗಂಟೆಗೆ 120ರ ಒಳಗೆ. ಮೊದಲ ವಾರ ದಿನಕ್ಕೆ ನಾಲ್ಕು ಸಲ (ಬೆಳಗ್ಗೆ ಎದ್ದಾಗ ಮತ್ತು ಮೂರು ಊಟಗಳ ಬಳಿಕ) ನೋಡಿದರೆ ಯಾವ ಹೊತ್ತು ಕೈಮೀರುತ್ತಿದೆ ಎಂದು ತಿಳಿಯುತ್ತದೆ. ಸಂಖ್ಯೆಯ ಪಕ್ಕದಲ್ಲಿ ತಿಂದದ್ದನ್ನೂ ಬರೆದು ಕಳಿಸಿ. ಬರೀ ಸಂಖ್ಯೆ ಬಂದರೆ ಆಹಾರ ಸಲಹೆ ಕೊಡುವ ನಾವು ಹೇಳಬಲ್ಲದ್ದು ಬಹಳ ಕಡಿಮೆ. ಬೈಸಿಕೊಳ್ಳಬೇಕಾದೀತೆಂದು 148 ಅನ್ನು 118 ಎಂದು ಬರೆಯುವವರೂ ಇದ್ದಾರೆ; ಅದರಿಂದ ಆಗುವ ನಷ್ಟ ಮಗುವಿಗೆ.

ಊಟದ ಬಳಿಕದ್ದೆಲ್ಲ ಸರಿ, ಬೆಳಗ್ಗೆ ಎದ್ದಾಗ ಮಾತ್ರ 100 ದಾಟುತ್ತದೆ. ರಾತ್ರಿ ಊಟ ಬಿಡಲಾ?

ಬಿಡಬೇಡಿ. ರಾತ್ರಿ ಪೂರ್ತಿ ಯಕೃತ್ತು ಸಕ್ಕರೆ ಬಿಡುತ್ತಿರುತ್ತದೆ, ಬೆಳಗ್ಗಿನ ಸಂಖ್ಯೆ ಹೆಚ್ಚಾಗಿ ಅದರದ್ದು. ಎಂಟು ಗಂಟೆಯೊಳಗೆ ಊಟ ಮುಗಿಸಿ, ಮಲಗುವ ಮುಂಚೆ ಸಕ್ಕರೆ ಹಾಕದ ಒಂದು ಲೋಟ ಹಾಲು ಮತ್ತು ಏಳೆಂಟು ಬಾದಾಮಿ ತಿಂದು ನೋಡಿ. ನಾಲ್ಕೈದು ದಿನ ಹೀಗೆ ಮಾಡಿಯೂ 95 ದಾಟುತ್ತಲೇ ಇದ್ದರೆ ವೈದ್ಯರಿಗೆ ತಿಳಿಸಿ. ಆಹಾರದ ಬದಲಾವಣೆಗೆ ಅತಿ ಕಡಿಮೆ ಮಣಿಯುವ ಸಂಖ್ಯೆ ಇದೇ.

ಪಥ್ಯ ಮಾಡಿಯೂ ಇನ್ಸುಲಿನ್ ಬರೆದರು. ಪಥ್ಯದಲ್ಲಿ ತಪ್ಪಾಯಿತಾ?

ಇಲ್ಲ. ಎರಡು ವಾರ ಆಹಾರ ಮತ್ತು ನಡಿಗೆಯಿಂದ ನೋಡಿ, ಎರಡು ಗಂಟೆಯ ಸಂಖ್ಯೆ 120 ಅಥವಾ ಮೇಲೆಯೇ ಇದ್ದರೆ ಮೆಟ್‌ಫಾರ್ಮಿನ್ ಮಾತ್ರೆ ಅಥವಾ ಇನ್ಸುಲಿನ್ ಶುರು ಮಾಡುವುದು ಕ್ರಮ. ಇನ್ಸುಲಿನ್ ಮಗುವಿಗೆ ದಾಟುವುದಿಲ್ಲ, ಅಭ್ಯಾಸವೂ ಆಗುವುದಿಲ್ಲ. ಹೆಚ್ಚಿನವರಲ್ಲಿ ಹೆರಿಗೆಯ ಜತೆಗೇ ನಿಲ್ಲುತ್ತದೆ. ತಿಂಗಳು ತುಂಬಿದ ಹಾಗೆ ಯೂನಿಟ್ ಏರುವುದು ಸಹಜ. ಇನ್ಸುಲಿನ್ ಶುರುವಾದ ಮೇಲೆ ಊಟದ ಹೊತ್ತು, ಅಳತೆ ಇನ್ನೂ ಕರಾರುವಾಕ್ಕಾಗಿರಬೇಕು.

ಕೈ ನಡುಗಿ, ಬೆವರಿ, ಶುಗರ್ 70ರ ಕೆಳಗೆ ಬಂದರೆ ಮೂರು ಟೀ ಚಮಚ ಗ್ಲುಕೋಸ್ ಅಥವಾ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ ಕುಡಿಯಿರಿ, 15 ನಿಮಿಷ ಬಿಟ್ಟು ಮತ್ತೆ ನೋಡಿ, ಸರಿಯಾದ ಮೇಲೆ ಏನಾದರೂ ತಿನ್ನಿ. ಆಗ ಚಾಕಲೇಟ್ ಬೇಡ. ಅದರ ಕೊಬ್ಬು ಸಕ್ಕರೆಯನ್ನು ನಿಧಾನ ಮಾಡುತ್ತದೆ.

ಜೂನ್‌ನಿಂದ ಮಳೆ. ನಡೆಯುವುದು ಎಲ್ಲಿ?

ಜಗಲಿಯಲ್ಲಿ, ಚಾವಡಿಯಲ್ಲಿ, ಫ್ಲ್ಯಾಟ್‌ನ ಕಾರಿಡಾರಿನಲ್ಲಿ. ಒಂದೇ ಸಲ ಒಂದು ಗಂಟೆಗಿಂತ ಪ್ರತಿ ಊಟದ ಬಳಿಕ 10-15 ನಿಮಿಷ ಹೆಚ್ಚು ಫಲ ಕೊಡುತ್ತದೆ. ಪಾಚಿಗಟ್ಟಿದ ಅಂಗಳಕ್ಕೆ ಇಳಿಯಬೇಡಿ. ರಕ್ತಸ್ರಾವ ಆಗಿದ್ದರೆ, ಮಾಸು ಕೆಳಗಿದೆ ಎಂದಿದ್ದರೆ ಅಥವಾ ಗರ್ಭಕಂಠಕ್ಕೆ ಹೊಲಿಗೆ ಹಾಕಿದ್ದರೆ ವೈದ್ಯರನ್ನು ಕೇಳದೆ ನಡಿಗೆ ಬೇಡ.

ಸೀಮಂತ, ಏಕಾದಶಿ, ರಂಜಾನ್?

ಸೀಮಂತದ ದಿನ ಎಲೆಯಲ್ಲಿ ಬಡಿಸಿದ್ದನ್ನೆಲ್ಲ ಉಣ್ಣಲೇಬೇಕೆಂಬ ಒತ್ತಾಯ ಇರುತ್ತದೆ. ಮೊದಲು ಕೋಸಂಬರಿ, ಪಲ್ಯ, ಗಸಿ ಮುಗಿಸಿ; ಒಂದು ಸಿಹಿಯನ್ನು ಎರಡು ಚಮಚದಷ್ಟು ತಿನ್ನಿ, ಆ ಹೊತ್ತಿನ ಅನ್ನವನ್ನು ಅರ್ಧ ಮಾಡಿ. ಪಾಯಸ ಮತ್ತು ಹೋಳಿಗೆ ಎರಡೂ ಬೇಡ, ಒಂದನ್ನು ಆರಿಸಿ. ಏಕಾದಶಿಯ ಫಲಾಹಾರವೆಂದು ಅವಲಕ್ಕಿ, ಸಾಬಕ್ಕಿ ಮಾತ್ರ ತಿಂದರೆ ಉಪವಾಸದ ದಿನವೇ ಶುಗರ್ ಹೆಚ್ಚು ಬರುವುದುಂಟು. ರಂಜಾನ್ ಉಪವಾಸದಿಂದ ಗರ್ಭಿಣಿಯರಿಗೆ ಧರ್ಮದಲ್ಲೇ ವಿನಾಯಿತಿ ಇದೆ. ಇನ್ಸುಲಿನ್ ತೆಗೆದುಕೊಳ್ಳುವವರು ಉಪವಾಸ ಹಿಡಿಯಬಾರದು.

ಯಾವಾಗ ಮೆಸೇಜ್ ಮಾಡಿ ಕಾಯದೆ ಆಸ್ಪತ್ರೆಗೆ ಹೊರಡಬೇಕು?

ಮಗುವಿನ ಅಲುಗಾಟ ಕಡಿಮೆ ಅನಿಸಿದರೆ, ರಕ್ತ ಅಥವಾ ನೀರು ಹೋದರೆ, ಜೋರು ತಲೆನೋವಿನ ಜತೆ ಕಣ್ಣು ಮಂಜಾದರೆ, ವಾಂತಿಯಿಂದ ಏನೂ ನಿಲ್ಲದಿದ್ದರೆ, ಶುಗರ್ 200 ದಾಟಿದರೆ. ರಾತ್ರಿಯಾದರೂ ಸರಿ, 108ಕ್ಕೆ ಕರೆ ಮಾಡಿ.

ಹೆರಿಗೆ ಆಯಿತು. ಇನ್ನು ಚಿಂತೆ ಇಲ್ಲ ತಾನೇ?

ಹುಟ್ಟಿದ ಮೊದಲ ಗಂಟೆಗಳಲ್ಲಿ ಮಗುವಿನ ಶುಗರ್ ಇಳಿಯಬಹುದು. ಆದ್ದರಿಂದ ಹಿಮ್ಮಡಿಯಿಂದ ಒಂದು ಹನಿ ರಕ್ತ ತೆಗೆದು ನೋಡುತ್ತಾರೆ, ಮೊದಲ ಒಂದು ಗಂಟೆಯೊಳಗೇ ಎದೆಹಾಲು ಕೊಡಲು ಹೇಳುತ್ತಾರೆ.

ಬಾಣಂತನದಲ್ಲಿ ಲೇಹವೇ ದೊಡ್ಡ ಪ್ರಶ್ನೆ. ಅದರಲ್ಲಿ ಬೆಲ್ಲ, ತುಪ್ಪವೇ ಪ್ರಧಾನ. ಬೆಳಗ್ಗೆ-ಸಂಜೆ ದೊಡ್ಡ ಉಂಡೆ ತಿನ್ನುವ ಪದ್ಧತಿ ಬಿಟ್ಟು ದಿನಕ್ಕೆ ಒಂದು ಟೀ ಚಮಚಕ್ಕೆ ಇಳಿಸಿ. ಹಾಲು ಬರುವುದು ಮಗು ಚೀಪುವುದರಿಂದ, ಲೇಹದಿಂದಲ್ಲ. ಮೀನು, ಮೊಟ್ಟೆ, ಬೇಳೆ, ಸೊಪ್ಪು ನಿಲ್ಲಿಸಿ ಬರೀ ಅನ್ನ-ಸಾರಿನ ಪಥ್ಯ ಮಾಡಿಸುವ ಮನೆಗಳಲ್ಲಿ ಬಾಣಂತಿಗೆ ಬೇಕಾದ ಪ್ರೋಟೀನ್ ಸಿಗುವುದಿಲ್ಲ.

ಆರು ವಾರಕ್ಕೆ ಮತ್ತೆ 75 ಗ್ರಾಂ ಗ್ಲುಕೋಸ್ ಪರೀಕ್ಷೆ, ಈ ಸಲ ರಾತ್ರಿಯಿಂದ ಖಾಲಿ ಹೊಟ್ಟೆಯಲ್ಲಿ. ಎರಡು ಗಂಟೆಗೆ 140ರ ಒಳಗಿದ್ದರೆ ಸರಿ, 140ರಿಂದ 199 ಇದ್ದರೆ ಶುಗರ್‌ನ ಅಂಚಿನಲ್ಲಿದ್ದೀರಿ, 200 ಮುಟ್ಟಿದರೆ ಶುಗರ್ ಉಳಿದುಕೊಂಡಿದೆ ಎಂದರ್ಥ. ಅತಿ ಹೆಚ್ಚು ಮಂದಿ ತಪ್ಪಿಸುವ ಪರೀಕ್ಷೆ ಇದು, ತವರಿನಲ್ಲಿ ಮಗುವನ್ನು ಬಿಟ್ಟು ಹೊರಡಲಾಗದೆ. ಮಗುವಿನ ಆರನೇ ವಾರದ ಲಸಿಕೆಗೆ ಹೇಗೂ ಆಸ್ಪತ್ರೆಗೆ ಹೋಗಲೇಬೇಕು. ಅದೇ ದಿನ ಬೆಳಗ್ಗೆ ಏನೂ ತಿನ್ನದೆ ಹೊರಡಿ, ಎರಡು ಗಂಟೆ ಕಾಯುವಾಗ ಮಗುವನ್ನು ನೋಡಿಕೊಳ್ಳಲು ಒಬ್ಬರನ್ನು ಕರೆದೊಯ್ಯಿರಿ, ರಕ್ತ ಕೊಟ್ಟ ಕೂಡಲೇ ತಿನ್ನಲು ಚೀಲದಲ್ಲಿ ತಿಂಡಿ ಇಟ್ಟುಕೊಳ್ಳಿ.